ಎರಡು ಕಂತಿನ ಕಾರು

16 ನವೆಂಬರ್ 2025, ಭಾನುವಾರ
ತೀರ್ಥಹಳ್ಳಿ, ರಾತ್ರಿ 10.20

ಉಡುಪಿಯಲ್ಲಿ ಮದುವೆ ಮನೆಯಿಂದ ಹೊರಟಾಗಲೇ ಐದು ಗಂಟೆ. ಹೆಬ್ರಿಯಲ್ಲಿ ಒಂದು ಕಾಫಿ ಕುಡಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಪೂರ್ತಿ ಕತ್ತಲು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧ ಹತ್ತಿದ್ದೆವೋ ಇಲ್ಲವೋ, ಮೇಲಿಂದ ಮಿನಿ ಬಸ್ಸೊಂದು ತಿರುವಿನ ಅಗಲವನ್ನೆಲ್ಲ ತಾನೇ ತಗೊಂಡು ಇಳಿಯಿತು. ನಿಲ್ಲಿಸದೆ ಬೇರೆ ದಾರಿಯೇ ಇಲ್ಲ. ಹಿಂದಿನ ಕಾರಿನವನು ಬಂಪರಿಗೆ ಅಂಟಿಕೊಂಡೇ ನಿಂತ. ನಮ್ಮನೆಯವರು ಕಿಟಕಿಯ ಮೇಲಿನ ಹಿಡಿ ಹಿಡಿದುಕೊಂಡು ಸುಮ್ಮನಾದರು. ಅವರು ಹಾಗೆ ಸುಮ್ಮನಾದರೆ ನನಗೆ ಇನ್ನೂ ಸಿಟ್ಟು.

ಹೋದ ವರ್ಷವಾಗಿದ್ದರೆ ಅಲ್ಲೇ ಕೈಬಿಡುತ್ತಿದ್ದೆ. ಡೀಸೆಲ್ ಸ್ವಿಫ್ಟ್ ಓಡಿಸಿದವರಿಗೆ ಗೊತ್ತಿರುತ್ತದೆ, 2000 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ತನಕ ಎಂಜಿನ್ ನಿದ್ದೆಯಲ್ಲೇ ಇರುತ್ತದೆ, ಅಲ್ಲಿಂದ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋ ಎದ್ದು ಒಮ್ಮೆಲೇ ಎಳೆಯುತ್ತದೆ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಅದು ಏಳುವ ತನಕ ಕಾಯಬೇಕು. ಕಾಯದೆ ಹಾಫ್ ಕ್ಲಚ್ಚಿನಲ್ಲೇ ಒದ್ದಾಡಿದರೆ ಸುಟ್ಟ ವಾಸನೆ ಬರುತ್ತದೆ, ಆ ವಾಸನೆಯ ಬೆಲೆ ಎಷ್ಟು ಅಂತ ಮುಂದೆ ಹೇಳ್ತೀನಿ. ಇವತ್ತು ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಮುಳ್ಳು ಎರಡರ ಹತ್ತಿರ ಬಂದ ಮೇಲೆ ಕ್ಲಚ್ ಮೆಲ್ಲಗೆ ಬಿಡುತ್ತಾ ಬ್ರೇಕ್ ಇಳಿಸಿದೆ. ಒಂದಂಗುಲವೂ ಹಿಂದೆ ಜಾರದೆ ಹೊರಟಿತು. ಯಾರೂ ಶಭಾಷ್ ಅನ್ನಲಿಲ್ಲ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಈ ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಮನೆಗೆ ಬಂದು ಇವತ್ತಿಗೆ ಸರಿಯಾಗಿ ಒಂದು ವರ್ಷ.

ಗೊತ್ತಿಲ್ಲದವರಿಗೆ: ನಾನು ಶಿವಮೊಗ್ಗದ ಒಂದು ಶಾಲೆಯಲ್ಲಿ ಟೀಚರ್, ಮನೆ ತೀರ್ಥಹಳ್ಳಿ. ಮಂಡಗದ್ದೆ, ಗಾಜನೂರು ದಾಟಿ ಹೋಗಿ ಬಂದರೆ ದಿನಕ್ಕೆ 120 ಕಿಲೋಮೀಟರ್. ಬಸ್ಸಿಗೇನೂ ಬರವಿಲ್ಲ, ಎಷ್ಟೋ ವರ್ಷ ಬಸ್ಸಲ್ಲೇ ಓಡಾಡಿದೆ. ಮಗನ ಟ್ಯೂಷನ್ನು, ಅಪ್ಪಯ್ಯನ ಆಸ್ಪತ್ರೆ ಅಂತ ಶುರುವಾದ ಮೇಲೆ ಬಸ್ಸಿನ ಟೈಮಿಗೆ ನಮ್ಮ ಟೈಮು ಕೂಡದೆ ಹೋಯಿತು. ಆಗ ಮನೆಯಲ್ಲಿದ್ದದ್ದು ಒಂದು ಹಳೆ ಪೆಟ್ರೋಲ್ ಕಾರು, ಲೀಟರಿಗೆ 16 ಕೊಡುತ್ತಿತ್ತು. ಸಂಬಳದ ದೊಡ್ಡ ಪಾಲು ಬಂಕಿಗೆ ಹೋಗತೊಡಗಿದಾಗ ಡೀಸೆಲ್ ಯೋಚನೆ ಬಂತು.

ಹೊಸದು ಬೇಡವೇ ಬೇಡ ಅಂತ ನಿರ್ಧರಿಸಿದ್ದೆ. ಬೇಕು ಅಂದರೂ ಚಿಕ್ಕ ಡೀಸೆಲ್ ಕಾರು ಈಗ ಸಿಗುವುದೇ ಅಪರೂಪ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಹೊಸ ನಿಯಮ ಬಿಎಸ್-6 ಬಂದಾಗ ಮಾರುತಿಯವರು ಡೀಸೆಲ್ಲನ್ನೇ ನಿಲ್ಲಿಸಿಬಿಟ್ಟರು. ಹಾಗಾಗಿ ಸೆಕೆಂಡ್ ಹ್ಯಾಂಡ್ ಒಂದೇ ದಾರಿ.

ಮೊದಲು ನೋಡಿದ್ದು ಒಬ್ಬ ಡೀಲರ್ ಹತ್ತಿರ. "ಸಿಂಗಲ್ ಓನರ್ ಮೇಡಂ, ಡಾಕ್ಟರ್ ಓಡಿಸಿದ ಗಾಡಿ" ಅಂದರು. ಮುಂದಿನ ಜಾಗದಲ್ಲೂ ಡಾಕ್ಟರ್ ಗಾಡಿಯೇ. ನಮ್ಮ ಜಿಲ್ಲೆಯ ಡಾಕ್ಟರುಗಳು ಕಾರು ಮಾರುವುದು ಬಿಟ್ಟು ರೋಗಿಗಳನ್ನು ಯಾವಾಗ ನೋಡುತ್ತಾರೋ ಏನೋ. ಜೊತೆಗೆ ಕರೆದುಕೊಂಡು ಹೋಗಿದ್ದ ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಕಾರಿನ ಒಳಗೆ ಇಣುಕಲೂ ಇಲ್ಲ. ಬಾನೆಟ್ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು. ನಾನೂ ಇಟ್ಟೆ. ಬೆಚ್ಚಗಿತ್ತು. ಬೆಳಿಗ್ಗೆ ಒಂಬತ್ತೂವರೆ, ಅಂಗಡಿ ಆಗಷ್ಟೇ ಬಾಗಿಲು ತೆಗೆದಿದೆ, ಈ ಕಾರು ಎಲ್ಲಿಗೆ ಹೋಗಿ ಬಂದಿತ್ತು? "ಬಿಸಿ ಮಾಡಿ ಇಟ್ಟಿದಾರೆ ಟೀಚರ್. ತಣ್ಣಗಿದ್ದಾಗ ಸ್ಟಾರ್ಟ್ ಆಗಕ್ಕೆ ತೊಂದರೆ ಇರ್ಬೇಕು. ನಡೀರಿ" ಅಂದರು. ಡೀಸೆಲ್ ಗಾಡಿಯ ಕಾಯಿಲೆಗಳೆಲ್ಲ ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಹೊರಬೀಳುತ್ತವಂತೆ.

ಇನ್ನೊಂದು ಡಿಎಲ್ ನಂಬರಿನದು. ಮೈಮೇಲೆ ಒಂದು ಗೀರೂ ಇಲ್ಲ, ರೇಟೂ ಕಡಿಮೆ. ದೆಹಲಿಯಲ್ಲಿ ಆಗ ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸುವ ಹಾಗಿರಲಿಲ್ಲ, ಅದಕ್ಕೇ ಅಲ್ಲಿಂದ ಲೋಡುಗಟ್ಟಲೆ ಈ ಕಡೆ ಬರುತ್ತಿದ್ದವು. ಎನ್‌ಒಸಿ ತರಿಸಿ, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ, ನಂಬರ್ ಬದಲಾಯಿಸಿ ಮುಗಿಸುವಷ್ಟರಲ್ಲಿ ಆ ಕಡಿಮೆ ರೇಟು ಎಲ್ಲಿ ಉಳಿಯಿತು? ಬಿಟ್ಟೆ.

ಕೊನೆಗೆ ನೋಡಿದ್ದೇ ಈಗ ನಮ್ಮ ಅಂಗಳದಲ್ಲಿ ನಿಂತಿರುವುದು. 2013ರ ಸ್ವಿಫ್ಟ್ ವಿಡಿಐ, ಕೆಎ-17, ದಾವಣಗೆರೆಯ ಒಬ್ಬ ನಿವೃತ್ತ ಅಧಿಕಾರಿಯದು, 1,18,000 ಕಿಲೋಮೀಟರ್ ಓಡಿತ್ತು. ಡೋರು ಡೆಂಟು, ಬಣ್ಣ ಮಾಸಿದೆ, ಸೀಟ್ ಕವರ್ ನೋಡಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ಮೇಸ್ತ್ರಿ ಬರುತ್ತಾರೆ ಅಂತ ಮೊದಲೇ ಹೇಳಿದ್ದಕ್ಕೆ ಅವರು ಬೆಳಿಗ್ಗೆಯಿಂದ ಕಾರನ್ನು ಮುಟ್ಟಿಯೇ ಇರಲಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಒಂದು ಉಸಿರು ಕಪ್ಪು ಹೊಗೆ, ಆಮೇಲೆ ಸ್ವಚ್ಛ. ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದನ್ನೇ ಮಗುಚಿ ಬಾಯಿಯ ಮೇಲಿಟ್ಟರು. ಒಳಗೆ ಪಿಸ್ಟನ್ ರಿಂಗ್ ಸವೆದಿದ್ದರೆ ಮುಚ್ಚಳ ಕುಣಿದು ಹಾರಿಹೋಗುತ್ತದಂತೆ. ಇಲ್ಲಿ ಸುಮ್ಮನೆ ನಡುಗುತ್ತಾ ಕೂತಿತು.

ಆಮೇಲೆ ಆ ಹಿರಿಯರು ಒಳಗಿಂದ ಒಂದು ಫೈಲ್ ತಂದರು. ಪ್ರತಿ ಆಯಿಲ್ ಚೇಂಜು, ಪ್ರತಿ ಡೀಸೆಲ್ ಫಿಲ್ಟರು, ಎಲ್ಲದಕ್ಕೂ ಬಿಲ್ಲು, ಬಿಲ್ಲಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಕಿಲೋಮೀಟರ್. ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅನ್ನುವ ಅನುಮಾನ ಆ ಫೈಲ್ ನೋಡಿದ ಮೇಲೆ ಉಳಿಯಲಿಲ್ಲ. 3,35,000ಕ್ಕೆ ಮುಗಿಯಿತು. ಚೌಕಾಸಿ ಮಾಡುವಾಗ ಅವರು ಪೂರ್ತಿ ನಮ್ಮನೆಯವರ ಜೊತೆಗೇ ಮಾತಾಡಿದರು, ಕಾರು ಓಡಿಸುವವಳು ನಾನು, ದುಡ್ಡೂ ನನ್ನದು. ಇರಲಿ, ಫೈಲ್ ನೋಡಿ ಕ್ಷಮಿಸಿದ್ದೇನೆ.

ಕಾಗದದ ಕೆಲಸ ಜಾಸ್ತಿ ಹಿಡಿಯಿತು. ಕಾರು ನಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಅವತ್ತೇ ಸಹಿ ಆಯಿತು. ಆದರೆ ಅವರು ಸಾಲ ತೀರಿಸಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು, ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ, ಫಾರಂ 35 ಅಂತ ಮೂರು ವಾರ ಹೋಯಿತು. ಬಿಲ್ಲುಗಳನ್ನು ಅಷ್ಟು ಜೋಪಾನ ಮಾಡಿದವರೂ ಇದನ್ನು ಮರೆತಿದ್ದರು. ಇನ್ಶೂರೆನ್ಸಿನಲ್ಲೂ ಒಂದು ಪಾಠ. ಅವರು ಕ್ಲೈಮ್ ಮಾಡದೆ ಗಳಿಸಿಕೊಂಡಿದ್ದ 50 ಪರ್ಸೆಂಟ್ ಬೋನಸ್ಸು ಕಾರಿನ ಜೊತೆ ಬರುವುದಿಲ್ಲ, ಅವರ ಜೊತೆಗೇ ಹೋಗುತ್ತದೆ. ಆ ವ್ಯತ್ಯಾಸ ನಾನು ಕಟ್ಟಬೇಕಾಯಿತು. ಪಾಲಿಸಿ ಹೆಸರಿಗೆ ಮಾಡಿಸಿಕೊಳ್ಳಲು 14 ದಿನ ಮಾತ್ರ ಟೈಮು, ಇದನ್ನು ಮರೆಯಬೇಡಿ.

ಮನೆಗೆ ತಂದ ದಿನ ಅಪ್ಪಯ್ಯ ಜಗಲಿಯಿಂದಲೇ ಶಬ್ದ ಕೇಳಿ, "ಎಂಥ ಮಾರಾಯ್ತಿ, ಲಾರಿ ತಂದ್ಯಾ?" ಅಂದ. ಮೂವತ್ತು ವರ್ಷ ಡೀಸೆಲ್ ಜೀಪಿನಲ್ಲಿ ಅಡಿಕೆ ಸಾಗಿಸಿದ ಮನುಷ್ಯ!

ಈಗ ವರ್ಷದ ಕಥೆ. ಹಳೆ ಡೀಸೆಲ್ ಕಾರಿನ ಬೆಲೆ ಎರಡು ಕಂತಿನಲ್ಲಿ ಕಟ್ಟುವಂಥದ್ದು, ಮೊದಲ ಕಂತು ಮಾರಿದವರಿಗೆ, ಎರಡನೆಯದು ಮೇಸ್ತ್ರಿಗೆ. ನನ್ನ ಎರಡನೇ ಕಂತು ಜನವರಿಯಲ್ಲಿ ಶುರುವಾಯಿತು. ಚಳಿಯ ಬೆಳಿಗ್ಗೆ ಡ್ಯಾಶ್‌ಬೋರ್ಡಿನ ಸುರುಳಿ ಲೈಟು ಆರುವ ತನಕ ಕಾದೇ ಚಾವಿ ತಿರುಗಿಸಿದರೂ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಸ್ಟಾರ್ಟಿಗೆ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್, 3,200. ಮಾರ್ಚಿನಲ್ಲಿ ಕ್ಲಚ್, 13,600. ಅದರಲ್ಲಿ ಅರ್ಧ ಹಳೆಯ ಸವೆತ, ಅರ್ಧ ಆಗುಂಬೆ ಘಾಟಿಯಲ್ಲಿ ನಾನು ಕಲಿತ ಪಾಠದ ಫೀಸು.

ಜುಲೈನದ್ದು ಮಾತ್ರ ಮರೆಯುವ ಹಾಗಿಲ್ಲ. ಜಡಿಮಳೆ. ಮಂಡಗದ್ದೆ ದಾಟಿದ ಮೇಲೆ ಕಾರಿನ ಪಿಕಪ್ಪೇ ಹೋಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಐವತ್ತು ದಾಟುತ್ತಿಲ್ಲ, ಬಾನೆಟ್ ಒಳಗೆ ಕುಕ್ಕರ್ ಸೀಟಿಗೆ ಮೊದಲು ಬರುತ್ತದಲ್ಲ, ಅಂಥ ಸುಯ್ ಶಬ್ದ, ಹಿಂದೆ ನೋಡಿದರೆ ಕರಿ ಹೊಗೆಯ ಮೋಡ. ಹಿಂದಿದ್ದ ಬೈಕಿನವರು ಓವರ್‌ಟೇಕ್ ಮಾಡಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಹೇಗೋ ತೆವಳಿಸಿಕೊಂಡು ಶಿವಮೊಗ್ಗದ ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ. ಸಂಜೆ ಫೋನ್ ಬಂತು. "ಟರ್ಬೋ ಹೋಗಿದೆ ಮೇಡಂ, ಚೇಂಜ್ ಮಾಡ್ಬೇಕು, ಎಲ್ಲ ಸೇರಿ ಅರ್ಧ ಲಕ್ಷದ ಹತ್ತಿರ ಆಗತ್ತೆ." ಅವತ್ತು ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಮೇಸ್ತ್ರಿಗೆ ಫೋನ್ ಹಚ್ಚಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಸುಯ್ ಅಂತ ಶಬ್ದ ಇತ್ತಾ, ನೀಲಿ ಹೊಗೆ ಇತ್ತಾ?" ಶಬ್ದ ಇತ್ತು, ಹೊಗೆ ಕಪ್ಪು. "ಹಾಗಾದ್ರೆ ಯಾರಿಗೂ ಮುಟ್ಟಕ್ಕೆ ಬಿಡಬೇಡಿ, ನಾನು ಬರ್ತೀನಿ." ಬಸ್ ಹಿಡಿದು ಬಂದರು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಕೆಳಮೈಯಲ್ಲಿ ಬೆರಳುದ್ದದ ಸೀಳು. ಟರ್ಬೋ ಗಾಳಿ ಒತ್ತುತ್ತಿದೆ, ಆ ಗಾಳಿ ಎಂಜಿನ್ ಮುಟ್ಟದೆ ಸೀಳಿನಿಂದ ಹೊರಗೆ ಹೋಗುತ್ತಿದೆ. ಒಳಗೆ ಡೀಸೆಲ್ ಪೂರ್ತಿ, ಉರಿಯಲು ಗಾಳಿ ಸಾಲದು, ಅದಕ್ಕೇ ಕರಿ ಹೊಗೆ. ಟರ್ಬೋದ ಸೀಲ್ ಹೋಗಿ ಆಯಿಲ್ ಸುಡುತ್ತಿದ್ದರೆ ಹೊಗೆ ನೀಲಿ ಇರುತ್ತಿತ್ತು. ಪೈಪು, ಕೂಲಿ ಸೇರಿ 1,900 ರೂಪಾಯಿ.

ವರ್ಕ್‌ಶಾಪಿನವರ ಮೇಲೆ ಕೂಗಾಡಬೇಕು ಅಂತಿದ್ದೆ. ಮೇಸ್ತ್ರಿ ಬೇಡ ಅಂದರು. "ಅವರಿಗೆ ಬಿಚ್ಚಿ ನೋಡಕ್ಕೆ ಪುರುಸೊತ್ತಿಲ್ಲ ಟೀಚರ್, ಹಾಕಿ ಕಳಿಸೋದು ಸುಲಭ." ಅಷ್ಟು ಉದಾರತೆ ನನಗಿಲ್ಲ. ನೋಡದೆಯೇ ಅರ್ಧ ಲಕ್ಷ ಅಂದವರಿಗೆ ಪುರುಸೊತ್ತಿನ ನೆಪ ಯಾಕೆ?

ಈ 1248 ಸಿಸಿ ಎಂಜಿನ್ ಮೂಲತಃ ಫಿಯೆಟ್‌ನದು. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಪುಂಟೋ, ಲೀನಿಯಾ, ಎಲ್ಲದರಲ್ಲೂ ಇದೇ ಕೂತಿತ್ತು. ಹಾಗಾಗಿ ಡೀಸೆಲ್ ನಿಂತು ಐದು ವರ್ಷವಾದರೂ ಪಾರ್ಟ್ಸು ತೀರ್ಥಹಳ್ಳಿಯಂಥ ಊರಿಗೂ ಮಾರನೇ ದಿನಕ್ಕೆ ಬರುತ್ತವೆ. ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆ ಸೋಸುವ ಡಿಪಿಎಫ್ ಕಟ್ಟಿಕೊಳ್ಳುವ ಗೋಳು ಇದೆಯಲ್ಲ, ಅದೂ ಇದಕ್ಕಿಲ್ಲ. ಮೇಸ್ತ್ರಿಗೆ ಇದು ಇಷ್ಟವಾಗುವುದು ಅದಕ್ಕೇ. ಹಿಂದೆ ಬರುವವರ ಮೂಗಿಗೆ ಅದು ಒಳ್ಳೆಯ ಸುದ್ದಿಯಲ್ಲ ಅಂತಲೂ ಗೊತ್ತು, ಎಮಿಷನ್ ಟೆಸ್ಟ್ ಪಾಸಾಗಿದೆ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ಒಂದು ವಿಷಯ. ಬಂಕಿನಲ್ಲಿ ನಾನು ಒಬ್ಬಳೇ ಹೋದರೆ ಹುಡುಗರು ಪೆಟ್ರೋಲ್ ಗನ್ ಕೈಗೆತ್ತಿಕೊಳ್ಳುತ್ತಾರೆ, ಎರಡು ಸಲ ಆಗಿದೆ. ಕಾರಿನ ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಜಾರುವಿಕೆ ಅದರಿಂದಲೇ. ಪೆಟ್ರೋಲ್ ಹೋದರೆ ಪಂಪು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರು ಎಲ್ಲ ಒಣಗಿ ಸವೆದುಹೋಗುತ್ತವೆ. ಟ್ಯಾಂಕಿನ ಮುಚ್ಚಳದ ಮೇಲೆ ಮಗನ ಕೈಲಿ ದೊಡ್ಡದಾಗಿ ಡೀಸೆಲ್ ಅಂತ ಬರೆಸಿದ್ದೇನೆ. ಆದರೂ ಇಳಿದು ನಿಲ್ಲುತ್ತೇನೆ.

ಘಾಟಿ ಹತ್ತಿದ ಸಿಟ್ಟಿನಲ್ಲೋ ಏನೋ, ಊಟ ಆದ ಮೇಲೆ ನಮ್ಮನೆಯವರು ಲೆಕ್ಕದ ಪುಸ್ತಕ ತೆಗೆದರು. ವರ್ಷಕ್ಕೆ 28,000 ಕಿಲೋಮೀಟರ್ ಓಡಿದೆ. ಲೀಟರಿಗೆ 20 ಕೊಟ್ಟಿದೆ. ಕಂಪನಿ ಹೇಳಿದ 22.9 ನಮ್ಮ ರಸ್ತೆಯಲ್ಲಿ ಯಾರಿಗೆ ಬರುತ್ತದೆ? ಏಪ್ರಿಲ್‌ನಲ್ಲಿ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು 21.17 ಪರ್ಸೆಂಟಿಗೆ ಏರಿಸಿ ಲೀಟರಿಗೆ 2 ರೂಪಾಯಿ ಜಾಸ್ತಿ ಆದದ್ದೂ ಇದೆ. ಲೀಟರಿಗೆ 92 ಅಂತ ಹಿಡಿದರೆ 1,28,800. ಹಳೆ ಪೆಟ್ರೋಲ್ ಕಾರೇ ಇದ್ದಿದ್ದರೆ 104ರ ಲೆಕ್ಕದಲ್ಲಿ 1,82,000. ಉಳಿದದ್ದು 53,200.

ಖರ್ಚು: ಮೂರು ಸರ್ವಿಸ್ 14,800, ಕ್ಲಚ್ಚು, ಪೈಪು, ಹೀಟರ್ ಪ್ಲಗ್ಗು, ಸೆಪ್ಟೆಂಬರಿನಲ್ಲಿ ಎರಡು ಇಂಜೆಕ್ಟರ್ ರಿಪೇರಿಗೆ 11,000. ಒಟ್ಟು 44,500. ಅಂದರೆ 8,700 ಲಾಭ ಅಂದೆ. "ಟೈರು ನಾಲ್ಕು 18,400, ಬ್ಯಾಟರಿ 5,600 ಎಲ್ಲಿ ಹೋಯ್ತು?" ಅಂದರು. ಅದನ್ನೂ ಸೇರಿಸಿದರೆ 15,300 ನಷ್ಟ. ಟೈರು ಯಾವ ಕಾರಾದರೂ ಹಾಕಿಸಲೇಬೇಕು, ಅದು ಡೀಸೆಲ್ ಲೆಕ್ಕಕ್ಕೆ ಹೇಗೆ ಬರುತ್ತದೆ? ಪೆಟ್ರೋಲ್ ಕಾರೇನು ಬರಿಗಾಲಲ್ಲಿ ಓಡುತ್ತಿತ್ತಾ? ಸರ್ವಿಸ್ ಖರ್ಚೂ ಅಷ್ಟೇ ಅಲ್ವಾ? ಅರ್ಧ ಗಂಟೆ ಇದೇ ಆಯಿತು.

ಆರ್‌ಸಿ 2028ರ ಮಾರ್ಚ್ ತನಕ ಇದೆ, ಆಗ ಹದಿನೈದು ವರ್ಷ ತುಂಬುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು, ಮೊದಲ ಸಲಕ್ಕೆ ಕಾರಿಗೆ ಶುಲ್ಕವೇ 5,000. ಜುಲೈನಲ್ಲಿ ದೆಹಲಿಯಲ್ಲಿ ಹಳೆ ಗಾಡಿಗಳಿಗೆ ಡೀಸೆಲ್ ಹಾಕುವುದಿಲ್ಲ ಅಂತ ಆದೇಶ ಬಂದು ಕೆಲವೇ ದಿನಕ್ಕೆ ನಿಂತುಹೋಯಿತಲ್ಲ, ಆವಾಗ ಚಿಕ್ಕಪ್ಪ ಆ ಸುದ್ದಿಯನ್ನು ಫ್ಯಾಮಿಲಿ ಗ್ರೂಪಿನಲ್ಲಿ ಮೂರು ಸಲ ಹಾಕಿದ್ದರು. ಚಿಕ್ಕಪ್ಪಾ, ಇದು ತೀರ್ಥಹಳ್ಳಿ ಅಂತ ಬರೆದೆ. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಸೀಳಿದ ರಬ್ಬರ್ ಪೈಪನ್ನು ಮೇಸ್ತ್ರಿ ನನ್ನ ಕೈಗೇ ಕೊಟ್ಟಿದ್ದರು, ಇನ್ಯಾರಾದರೂ ಟರ್ಬೋ ಅಂದರೆ ತೋರಿಸಿ ಅಂತ. ಅಂಗಳದ ಮೂಲೆಯಲ್ಲಿಟ್ಟಿದ್ದೆ. ಇವತ್ತು ನೋಡಿದರೆ ಅಪ್ಪಯ್ಯ ಅದನ್ನು ಕೊಯ್ದು ಗೇಟಿನ ಕಂಬಕ್ಕೆ ಸುತ್ತಿದ್ದಾನೆ, ನಾನು ರಿವರ್ಸ್ ತೆಗೆಯುವಾಗ ತಾಗುತ್ತೇನಂತೆ.

ಬೆಳಿಗ್ಗೆ ಏಳೂಕಾಲಿಗೆ ಹೊರಡಬೇಕು. ಡೀಸೆಲ್ ಮುಳ್ಳು ಕೆಳಗಿದೆ, ಮೊದಲು ಬಂಕು.