ಹೆದ್ದಾರಿ ಪ್ರಾಜೆಕ್ಟ್: ಮಾಯವಾಗುತ್ತಿದ್ದ ಗಾಡಿಗಳು ಸಿಕ್ಕವು

ಕೊನೆಗೂ ಕಳ್ಳ ಸಿಕ್ಕ. ಬೆಳಗಾವಿ ಪಕ್ಕದ ರಾಷ್ಟ್ರೀಯ ಹೆದ್ದಾರಿ 48ನ್ನು ಸುಮೋ ಎಂಬ ಟ್ರಾಫಿಕ್ ಸಿಮ್ಯುಲೇಟರ್‌ನಲ್ಲಿ ಓಡಿಸುತ್ತಿದ್ದೆ, ತಾವೇ ಓಡುವ ಕಾರುಗಳಿಂದ ಹೊಗೆ ಇಳಿಯುತ್ತದಾ ಅಂತ ನೋಡಲು. ಹೊಗೆ ಲೆಕ್ಕ ಯಾಕೆ ಅಷ್ಟು ಚೆಂದ ಬರುತ್ತಿತ್ತು ಅಂತ ಈಗ ಗೊತ್ತಾಯಿತು.

ನಕ್ಷೆ ತಂದಿದ್ದು, ಲೇನ್ ತಿದ್ದಿದ್ದು ಬಿಡಿ. ಕಾರುಗಳೆಲ್ಲ ತಾವೇ ಓಡುವಂಥವು, ನಡುವೆ 0.6 ಸೆಕೆಂಡ್ ಅಂತರ, ಸಿಮ್ಯುಲೇಟರ್ ಲೆಕ್ಕ ಹಾಕುವ ಸ್ಟೆಪ್ 0.1 ಸೆಕೆಂಡ್. ಮನುಷ್ಯರು ಓಡಿಸಿದರೆ ಒಂದು ಲೇನಿನಲ್ಲಿ ಗಂಟೆಗೆ 2,000 ಚಿಲ್ಲರೆ ಗಾಡಿ ದಾಟಿದರೆ ಹೆಚ್ಚು. ಇಲ್ಲಿ ಹೆಚ್ಚುಕಡಿಮೆ ಅದರ ಎರಡು ಪಟ್ಟು ಹರಿಯಿತು. ಖುಷಿಯೋ ಖುಷಿ. ಆದರೆ ಅಷ್ಟೂ ಕಾರು ಕೋಟೆ ಕೆರೆ ಕಡೆ ಇಳಿದರೆ ಊರೊಳಗೆ ಜಾಗ ಎಲ್ಲಿದೆ? ಪರದೆ ಮೇಲೆ ರ‍್ಯಾಂಪ್ ತುಂಬಾ ಸಾಲು. ಲೆಕ್ಕದಲ್ಲಿ ಮಾತ್ರ ಕಾರ್ಬನ್ ಇಳಿಯುತ್ತಲೇ ಇತ್ತು!

ಮೊದಲು ಹೊಗೆ ಮಾಡೆಲ್ ಮೇಲೆ ಅನುಮಾನ. ಎಚ್‌ಬಿಇಎಫ್‌ಎ ಅನ್ನೋ ಈ ಮಾಡೆಲ್ ಯುರೋಪಿನ ಗಾಡಿಗಳದ್ದು, ನಮ್ಮ ಲಾರಿಗೆ ಎಲ್ಲಿ ಹೊಂದುತ್ತದೆ ಅಂತ. ಅದರಲ್ಲಿ ಗಾಡಿಯ ಕ್ಲಾಸ್ ಬದಲಿಸಿದರೂ ಅದೇ ಕಥೆ. ಕೊನೆಗೆ ಒಂದು ಕಾರಿಗೆ ಕೆಂಪು ಬಣ್ಣ ಹಚ್ಚಿ ಅದರ ಬೆನ್ನು ಹತ್ತಿದೆ. ಗಂಟುಬಿದ್ದ ವೃತ್ತದ ಬಾಯಲ್ಲಿ ನಿಂತಿತು. 300 ಸೆಕೆಂಡ್ ಆಗುತ್ತಲೇ ಮಂಗಮಾಯ! ಮುಂದೆ ಖಾಲಿ ಇದ್ದಲ್ಲಿ ಪ್ರತ್ಯಕ್ಷ. ಸಿಕ್ಕಿಬಿದ್ದ ಗಾಡಿಯನ್ನು ಸಿಮ್ಯುಲೇಟರ್ ತಾನೇ ಎತ್ತಿ ಮುಂದೆ ಇಡುವ ಟೆಲಿಪೋರ್ಟ್, ಅದೂ ಡೀಫಾಲ್ಟ್.

ಆ 300 ಸೆಕೆಂಡ್ ಜಾಗದಲ್ಲಿ -1 ಕೊಟ್ಟು ಟೆಲಿಪೋರ್ಟ್ ನಿಲ್ಲಿಸಿದೆ. ಆದರೂ ಲೆಕ್ಕ ಪೂರ್ತಿ ಏರಲಿಲ್ಲ. ಈ ಸಲ ಸಾಲು ಹೆದ್ದಾರಿ ಹತ್ತಿ ನಕ್ಷೆಯ ಅಂಚು ಮುಟ್ಟಿತ್ತು. ಒಳಗೆ ಜಾಗ ಸಿಗದ ಗಾಡಿಗಳು ಹೊರಗೇ ಕಾಯುತ್ತವೆ, ಅವಕ್ಕೆ ಹೊಗೆ ಲೆಕ್ಕವೇ ಇಲ್ಲ. ನಕ್ಷೆಯನ್ನು ಹಿರೇಬಾಗೇವಾಡಿ ಟೋಲ್ ತನಕ ಎಳೆದಾಗ ಬಣ್ಣ ಬಯಲಾಯಿತು. ಹೆದ್ದಾರಿಯಲ್ಲಿ ಒಂದೊಂದು ಕಾರು ಉಳಿಸಿದ್ದನ್ನು ರ‍್ಯಾಂಪ್ ನುಂಗುತ್ತದೆ. ಗಾಡಿಗಳೇ ಜಾಸ್ತಿ ಆಗಿದ್ದಕ್ಕೆ ಒಟ್ಟು ಹೊಗೆ ಏರಿತು.

ಉದ್ದದ ನಕ್ಷೆಗೆ ರ‍್ಯಾಮ್ ಸಾಲುತ್ತಿಲ್ಲ. ಅಂಗಡಿಯವರು “ನಾಳೆ ಬರ್ತದ್ರೀ ಸರ್” ಅನ್ನುವುದರಲ್ಲೇ ಇದ್ದಾರೆ. ಅವರ ನಾಳೆಗೂ ಒಂದು ಟೆಲಿಪೋರ್ಟ್ ಬೇಕು.

ಹೊಗೆ ಲೆಕ್ಕದಲ್ಲಿ ಇನ್ನೊಂದು ಕೊರತೆ ಇದೆ. 1997ರಲ್ಲಿ ಅಮೆರಿಕದ ಸಂಶೋಧಕರು ಸ್ಯಾನ್ ಡಿಯಾಗೋದ ಐ-15 ಹೆದ್ದಾರಿಯಲ್ಲಿ ತಾವೇ ಓಡುವ ಎಂಟು ಬ್ಯೂಕ್ ಕಾರುಗಳನ್ನು ಸುಮಾರು 6.5 ಮೀಟರ್ ಅಂತರದಲ್ಲಿ ಸಾಲಾಗಿ ಓಡಿಸಿ ತೋರಿಸಿದ್ದರು. ಅಷ್ಟು ಹತ್ತಿರ ಹೋದರೆ ಗಾಳಿಯ ತಡೆ ಕಡಿಮೆ, ಇಂಧನ ಉಳಿತಾಯ. ಎಚ್‌ಬಿಇಎಫ್‌ಎಗೆ ಆ ಗಾಳಿ ಗೊತ್ತಿಲ್ಲ, ನಾನೇ ಸೇರಿಸಬೇಕು. ಆದರೆ ಅವರು ಓಡಿಸಿದ್ದು ಪ್ರತ್ಯೇಕ ಲೇನಿನಲ್ಲಿ. ಅಲ್ಲಿ ನಮ್ಮ ಕೋಟೆ ಕೆರೆ ವೃತ್ತ ಎಲ್ಲಿತ್ತು?

ಇಷ್ಟರಲ್ಲೇ ತಲೆಗೆ ಮುಂದಿನ ಹುಳ ಹೊಕ್ಕಿದೆ: ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್, ಹಿಂದೆ ಲೈಟ್ ಇಲ್ಲ, ಪಕ್ಕದಲ್ಲಿ ಜೋತುಬಿದ್ದ ಜಲ್ಲೆ. 0.6 ಸೆಕೆಂಡ್ ಕಾರುಗಳ ಮುಂದೆ ಇದನ್ನು ಬಿಟ್ಟು ನೋಡಬೇಕು. ಡಬಲ್ ಟ್ರೇಲರ್‌ಗೆ ಯಾರಾದರೂ ವಿ-ಟೈಪ್ (ಸುಮೋದಲ್ಲಿ ಗಾಡಿಯ ಉದ್ದ, ವೇಗ ಹೇಳುವ ವಿವರಣೆ) ಮಾಡಿದ್ದರೆ ಕೊಡ್ರಿ, ಉದ್ದ ಎಷ್ಟು ಇಡಬೇಕು ಅನ್ನುವಲ್ಲೇ ನಿಂತಿದ್ದೇನೆ.