ಸಿಮ್ ವಾಪಸ್ ಕೊಟ್ಟ ಮೇಲೆ

ಮೊನ್ನೆ ಶಿವಮೊಗ್ಗದಲ್ಲಿ ಒಂದು ಮೀಟಿಂಗ್ ಇತ್ತು, ನನ್ನನ್ನೂ ಕರೆದಿದ್ರು. ಬಾಲಮಂದಿರದಿಂದ ಹೊರಗೆ ಬಂದವರು, ಅರ್ಧಕ್ಕೆ ಸ್ಕೂಲ್ ಬಿಟ್ಟವರು, ಒಂದ್ಸಲ ಸ್ಟೇಷನ್ ಮೆಟ್ಟಿಲು ಹತ್ತಿ ಬಂದವರು, ಇಂಥ ಹುಡುಗ ಹುಡುಗೀರಿಗೆ ಸರ್ಕಾರದ ದುಡ್ಡಲ್ಲಿ ನಡೆಯೋ ಕೆಲಸನ ಇನ್ಮೇಲೆ ಯಾರಿಗೆ ಕೊಡ್ಬೇಕು, ಹೇಗೆ ಕೊಡ್ಬೇಕು, ಟೆಂಡರಲ್ಲಿ ಏನೇನು ಬರೀಬೇಕು ಅಂತ ಫೀಲ್ಡಲ್ಲಿ ಓಡಾಡಿದವರ ಹತ್ರ ಕೇಳೋಕೆ. ನಾನು ಐದು ವರ್ಷ ಈ ಕೆಲಸ ಮಾಡಿದೀನಿ, ಮೂರು ಬೇರೆ ಬೇರೆ ಸಂಸ್ಥೆ ಹೆಸರಲ್ಲಿ. ಕೆಲಸ ಅದೇ, ಕೂರೋ ಟೇಬಲ್ಲೂ ಅದೇ, ಸಂಬಳದ ಸ್ಲಿಪ್ ಮೇಲಿನ ಹೆಸರು ಮಾತ್ರ ಬದಲಾಗ್ತಿತ್ತು. ಮೀಟಿಂಗಲ್ಲಿ ಮಾತಾಡೋಕೆ ಸಿಕ್ಕಿದ್ದು ಐದು ನಿಮಿಷ, ಉಳಿದಿದ್ದನ್ನ ಇಲ್ಲಿ ಬರೀತಿದೀನಿ.

ಒಬ್ಬ ಹುಡುಗ. ಹೆಸರು ಬೇಡ, ಹೊಸನಗರದ ಕಡೆಯವನು ಅಂತ ಇಟ್ಕೊಳ್ಳಿ. ಚಿಕ್ಕೋನಿದ್ದಾಗಲೇ ಬಾಲಮಂದಿರಕ್ಕೆ ಬಂದಿದ್ದ, 18 ತುಂಬ್ತು, ಹೊರಗೆ ಬಂದ. ಆ ದಿನ ನಾನೇ ಜೊತೆಗಿದ್ದೆ. ಒಂದು ಬ್ಯಾಗು, ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಟಿಸಿ, ಮಾರ್ಕ್ಸ್ ಕಾರ್ಡು, ಆಧಾರ್, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ. ಒಂದು ಫೋಟೋ ಹಿಂದೆ ನೀಲಿ ಪೆನ್ನಲ್ಲಿ ನನ್ನ ನಂಬರ್ ಬರ್ದುಕೊಟ್ಟೆ, ಫೋನ್ ಕಳೆದುಹೋದ್ರೂ ನಂಬರ್ ಇರ್ಲಿ ಅಂತ. "ಎಂತ ಆದ್ರೂ ಫೋನ್ ಮಾಡು ಮಾರಾಯ, ರಾತ್ರಿ ಆದ್ರೂ ಅಡ್ಡಿಲ್ಲ" ಅಂದೆ. "ಆಯ್ತಕ್ಕ" ಅಂದ.

ಆ ನಂಬರು ಸಂಸ್ಥೆಯವರು ಕೊಟ್ಟ ಸಿಮ್ಮಿಂದು. ಸ್ವಂತ ನಂಬರ್ ಮಕ್ಕಳಿಗೆ ಕೊಡಬಾರ್ದು ಅನ್ನೋ ರೂಲ್ ಇತ್ತು, ಮಕ್ಕಳ ಸುರಕ್ಷತೆಗೆ ಅಂತ ಮಾಡಿದ್ದು, ನಾನು ಅದನ್ನ ತಪ್ಪು ಅನ್ನಲ್ಲ. ಮಾರ್ಚ್ 31ಕ್ಕೆ ಕಾಂಟ್ರ್ಯಾಕ್ಟ್ ಮುಗೀತು, ಫೈಲು, ಐಡಿ ಕಾರ್ಡು, ಸಿಮ್ಮು ಎಲ್ಲಾ ವಾಪಸ್ ಕೊಟ್ಟು ಸಹಿ ಹಾಕಿ ಮನೆಗೆ ಬಂದೆ. ಹೊಸ ಆರ್ಡರ್ ಕೈಗೆ ಬರೋ ಹೊತ್ತಿಗೆ ಜುಲೈ, ಜೋರು ಮಳೆ. ಅವನನ್ನ ಹುಡುಕ್ಕೊಂಡು ಹೋದ್ರೆ ರೂಮಲ್ಲಿಲ್ಲ. ಕೊನೆಗೆ ಅಡಿಕೆ ಮಂಡೀಲಿ ಸಿಕ್ಕಿದ, ಚೀಲ ಹೊರ್ತಿದ್ದ, ರಾತ್ರಿ ಅಲ್ಲೇ ಗೋಡೌನ್ ಮುಂದೆ ಮಲಗ್ತಿದ್ದನಂತೆ. ರೂಮಿನ ಓನರ್ರು ಮೊದಲ ದಿನ ಕೇಳಿದ್ದೇ "ಯಾರ ಮನೆ ಹುಡುಗ ನೀನು?" ಅಂತ, ನಮ್ಮ ಕಡೆ ಯಾರನ್ನ ನೋಡಿದ್ರೂ ಮೊದ್ಲು ಕೇಳೋದು ಅದೇ ಅಲ್ವಾ, ಇವನ ಹತ್ರ ಅದಕ್ಕೆ ಉತ್ತರ ಇಲ್ಲ, ಆಧಾರಲ್ಲಿ ಇರೋ ಅಡ್ರೆಸ್ಸೂ ಬಾಲಮಂದಿರದ್ದು. ಎರಡು ತಿಂಗಳು ಬಾಡಿಗೆ ತಡ ಆಗಿದ್ದಕ್ಕೆ ಖಾಲಿ ಮಾಡ್ಸಿದ್ರು. ನನ್ನ ನೋಡಿ ಸಿಟ್ಟು ಕೂಡ ಮಾಡ್ಲಿಲ್ಲ. ಜೇಬಿಂದ ಆ ಫೋಟೋ ತೆಗೆದು ತೋರಿಸಿದ, ನೆನೆದು ಇಂಕು ಹರಡಿ ಕೊನೇ ಎರಡು ಅಂಕಿ ಕಾಣ್ತಿರಲಿಲ್ಲ. "ನಂಗೆ ಬಾಯಿಪಾಠ ಆಗಿತ್ತಕ್ಕ, ದಿನಾ ಮಾಡ್ತಿದ್ದೆ, ಸ್ವಿಚ್ ಆಫ್ ಅಂತ ಬರ್ತಿತ್ತು" ಅಂದ.

ಆ ಮಾತು ಈಗಲೂ ನನ್ನ ಎದೇಲಿ ಕೂತಿದೆ.

ಇಂಥೋರಿಗೆ ಕಾನೂನಲ್ಲಿ ಏನೂ ಇಲ್ಲ ಅಂತ ಅಂದ್ಕೋಬೇಡಿ. 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 46ರಲ್ಲಿ ಇದೆ, 18 ತುಂಬಿ ಬಾಲಮಂದಿರದಂಥ ಸಂಸ್ಥೆಯಿಂದ ಹೊರಗೆ ಹೋಗೋರಿಗೆ ಹಣದ ನೆರವು ಕೊಡಬಹುದು ಅಂತ. ಅನುಪಾಲನೆ ಅಂತಾರೆ ಇದಕ್ಕೆ. ಮಿಷನ್ ವಾತ್ಸಲ್ಯ ಅಂತ ಕೇಂದ್ರದ ಮಕ್ಕಳ ರಕ್ಷಣೆ ಯೋಜನೆ ಇದೆ, ಅದರಲ್ಲಿ ತಿಂಗಳಿಗೆ 4,000 ರೂಪಾಯಿ, 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರ ತನಕ, ಖರ್ಚಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಪ್ರತಿ ಮಗುವಿಗೂ ಫಾರಂ 7ರಲ್ಲಿ ವೈಯಕ್ತಿಕ ಪಾಲನಾ ಯೋಜನೆ ಬರೀಬೇಕು, ಹೊರಗೆ ಹೋದಮೇಲೆ ಏನು ಮಾಡೋದು ಅನ್ನೋದಕ್ಕೂ ಅದರಲ್ಲಿ ಜಾಗ ಇದೆ. ಆದ್ರೆ ಈ ಎಲ್ಲಾ ಕಾಗದಾನ ಕೈಲಿ ಹಿಡ್ಕೊಂಡು ಬ್ಯಾಂಕಿಗೆ ಹೋಗಿ ಕೆವೈಸಿ ಮಾಡ್ಸಿ, ಸಹಿ ಹಾಕ್ಸಿ, ಮತ್ತೆ ಮತ್ತೆ ಆಫೀಸಿಗೆ ಅಲೆದು ಮುಗಿಸೋಕೆ ಒಬ್ಬ ಮನುಷ್ಯ ಬೇಕು. ನನ್ನ ಹುಡುಗನ ಅರ್ಜಿ ಅರ್ಧದಲ್ಲಿದ್ದಾಗ ಆ ಮನುಷ್ಯ, ಅಂದ್ರೆ ನಾನು, ಇರಲಿಲ್ಲ.

ಏಪ್ರಿಲ್‌ನಿಂದ ಜುಲೈ. ಈ ಗ್ಯಾಪು ಎಂಥ ಹೊತ್ತಿಗೆ ಬರುತ್ತೆ ನೋಡಿ. ಹಣಕಾಸು ವರ್ಷ ಮುಗಿಯುತ್ತೆ, ಹೊಸ ವರ್ಷದ ದುಡ್ಡು ಬಿಡುಗಡೆ ಆಗೋ ತನಕ ಕಾಯ್ಬೇಕು, ಆಫೀಸಿನ ಲೆಕ್ಕದಲ್ಲಿ ಅದು ಸಹಜ. ಆದ್ರೆ ಎಸ್ಸೆಸ್ಸೆಲ್ಸಿ ರಿಸಲ್ಟು ಬರೋದೂ ಇದೇ ಹೊತ್ತಿಗೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಗಣಿತ ಒಂದು ಹೋದ್ರೂ ಪರೀಕ್ಷೆ-2 ಬರೆದು ಅದೇ ವರ್ಷ ಪಿಯುಸಿಗೆ ಸೇರಬಹುದು, ಒಳ್ಳೇ ಅವಕಾಶ. ಆದ್ರೆ ಅರ್ಜಿ ಹಾಕೋ ಕೊನೇ ದಿನ ಬೇಗ ಬಂದುಬಿಡುತ್ತೆ, ಫೇಲಾದ ನಾಚಿಕೇಲಿ ಮನೆಯಿಂದ ಹೊರಗೇ ಬರದ ಹುಡುಗಿಗೆ ಅದನ್ನ ಹೋಗಿ ಹೇಳೋರು ಯಾರು? ಇಡೀ ವರ್ಷದಲ್ಲಿ ನಾವು ತುಂಬಾ ಬೇಕಾಗೋ ತಿಂಗಳಲ್ಲೇ ನಾವು ಕೆಲಸದಲ್ಲಿ ಇರಲ್ಲ. ಜೂನ್‌ಗೆ ಮದುವೆ ಮಾತು ಶುರುವಾಗಿರುತ್ತೆ, ಹುಡುಗ್ರಾದ್ರೆ ಬೆಂಗಳೂರು ಬಸ್ ಹತ್ತಿರ್ತಾರೆ.

ಟೆಂಡರ್ ವಿಷಯ ಸ್ವಲ್ಪ ಹೇಳ್ಬೇಕು. ನಮ್ಮಲ್ಲಿ ಸರ್ಕಾರ ಏನು ಕೊಳ್ಳೋದಿದ್ರೂ ಸಾಮಾನ್ಯವಾಗಿ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ, ಕೆಟಿಪಿಪಿ ಅಂತಾರಲ್ಲ ಅದು. ಆ ಕಾಯ್ದೆ ಬೇಕು, ಇಲ್ದಿದ್ರೆ ಕೆಲಸ ಬೇಕಾದವರ ಪಾಲಾಗುತ್ತೆ. ಕಷ್ಟ ಇರೋದು ಎಲ್ಲಿ ಅಂದ್ರೆ, ಜನರನ್ನ ಒದಗಿಸೋ ಟೆಂಡರಲ್ಲಿ ಕನಿಷ್ಠ ಸಂಬಳ, ಪಿಎಫ್, ಇಎಸ್ಐ ಎಲ್ಲಾ ಮೊದಲೇ ಫಿಕ್ಸ್ ಆಗಿರುತ್ತೆ, ಪೈಪೋಟಿ ಉಳಿಯೋದು ಸರ್ವಿಸ್ ಚಾರ್ಜ್ ಮೇಲೆ ಮಾತ್ರ, ಅದರಲ್ಲಿ ಯಾರು ಕಮ್ಮಿ ಹಾಕ್ತಾರೋ ಅವರೇ ಎಲ್-1. ಆ ಸಂಸ್ಥೆಗೆ ಈ ಹುಡುಗ್ರು ಗೊತ್ತಾ, ಹಿಂದೆ ಎಷ್ಟು ಜನರ ಜೊತೆ ಎಷ್ಟು ದಿನ ನಿಂತಿದಾರೆ, ಅದಕ್ಕೆಲ್ಲ ಅಲ್ಲಿ ಮಾರ್ಕ್ಸೇ ಇಲ್ಲ. ನಮ್ಮ ಕಡೆ ಅಡಿಕೆ ಚೇಣಿ, ಅಂದ್ರೆ ತೋಟದ ಫಸಲನ್ನ ಗುತ್ತಿಗೆಗೆ ಹಿಡಿಯೋರು ಕೂಡ ತೋಟಕ್ಕೆ ಬಂದು, ಮರ ಎಣಿಸಿ, ಅಡಿಕೆ ಗೊನೆ ನೋಡಿ, ಕೊಳೆ ರೋಗ ಬಂದಿದೆಯಾ ಅಂತ ವಿಚಾರಿಸಿ ಆಮೇಲೆ ಮಾತಿಗೆ ಕೂರ್ತಾರೆ. ಗುಣಮಟ್ಟಕ್ಕೆ ಇಷ್ಟು, ದರಕ್ಕೆ ಇಷ್ಟು ಅಂತ ಎರಡೂ ಸೇರ್ಸಿ ಅಂಕ ಕೊಡೋ ಪದ್ಧತಿ ಇದೆ, ಕ್ಯೂಸಿಬಿಎಸ್ ಅಂತಾರೆ, ಇಂಥ ಕೆಲಸಕ್ಕೆ ಅದನ್ನೇ ತನ್ನಿ ಅಂತ ಮೀಟಿಂಗಲ್ಲಿ ಕೇಳ್ಕೊಂಡೆ.

ಇನ್ನೊಂದು, ನಮ್ಮಿಂದ ತಗೊಳ್ತಿದ್ದ ಲೆಕ್ಕ. ತಿಂಗಳಿಗೆ ಎಷ್ಟು ಅರಿವು ಕಾರ್ಯಕ್ರಮ, ಎಷ್ಟು ಜನ ಬಂದಿದ್ರು, ಜಿಪಿಎಸ್ ಫೋಟೋ ಎಲ್ಲಿ. ಹೈಸ್ಕೂಲ್ ಹಾಲಲ್ಲಿ ಇನ್ನೂರು ಮಕ್ಕಳನ್ನ ಕೂರಿಸಿ ಮುಕ್ಕಾಲು ಗಂಟೆ ಮಾತಾಡಿದ್ರೆ ಇನ್ನೂರು ಅಂತ ಬರೀಬಹುದು, ಒಬ್ಬ ಹುಡುಗನ ಜೊತೆ ಮೂರು ದಿನ ಬ್ಯಾಂಕಿಗೆ ಅಲೆದ್ರೆ ಒಂದು. ಒಬ್ಬ ಅಧಿಕಾರಿ ಕೇಳಿದ್ರು, "ಅದೆಲ್ಲ ಸರಿ ಮೇಡಂ, ಆಡಿಟ್‌ಗೆ ಏನು ತೋರಿಸೋದು?" ಅಂತ. ನ್ಯಾಯವಾದ ಪ್ರಶ್ನೆ, ಅವರ ಕುತ್ತಿಗೆಗೂ ಬರುತ್ತೆ ಅದು. ನಾನು ಹೇಳಿದೆ, ಆರು ತಿಂಗಳಾದ ಮೇಲೆ, ವರ್ಷ ಆದ ಮೇಲೆ ನೋಡಿ ಸಾರ್: ಹುಡುಗ ಮಲಗೋಕೆ ಜಾಗ ಇದೆಯಾ, ಖಾತೆಗೆ ದುಡ್ಡು ಬರ್ತಿದೆಯಾ, ಕೆಲಸಾನೋ ಓದೋ ಏನಾದ್ರೂ ಒಂದು ನಡೀತಿದೆಯಾ, ನಮ್ಮವರು ಫೋನ್ ಮಾಡಿದ್ರೆ ಎತ್ತುತ್ತಾನಾ. ಇದನ್ನೂ ಬರೆದು ಆಡಿಟ್‌ಗೆ ಕೊಡೋಕೆ ಆಗುತ್ತೆ. ಅವರು ಬರ್ಕೊಂಡ್ರು.

ದೂರದ ವಿಷಯ ಹೇಳೋಕೆ ಟೈಮೇ ಸಿಗ್ಲಿಲ್ಲ. ಶಿವಮೊಗ್ಗಕ್ಕೆ ತೀರ್ಥಹಳ್ಳಿ 60 ಕಿಲೋಮೀಟರ್, ಸಾಗರ 70ರ ಆಸುಪಾಸು. ಆಫೀಸು, ಮಕ್ಕಳ ಕಲ್ಯಾಣ ಸಮಿತಿ, ದೊಡ್ಡಾಸ್ಪತ್ರೆ ಎಲ್ಲಾ ಇಲ್ಲಿ. ಶಕ್ತಿ ಯೋಜನೆ ಬಂತು ನಿಜ, 2023ರ ಜೂನ್‌ನಿಂದ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ, ಆದ್ರೆ ತೀರ್ಥಹಳ್ಳಿ ಹೊಸನಗರ ಕಡೆ ಹೆಚ್ಚು ಓಡೋದು ಪ್ರೈವೇಟ್ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಳೇಬೇಕು. ಹುಡುಗ್ರಿಗಂತೂ ಎಲ್ಲಾ ಕಡೆ ಟಿಕೆಟ್ಟೇ. ಒಂದು ಸಹಿಗೆ ಬಂದ್ರೆ ಒಂದು ದಿನದ ಕೂಲಿ ಹೋಯ್ತು. ಯುವನಿಧಿ ಶುರುವಾಗಿದ್ದು ನಮ್ಮೂರಲ್ಲೇ, 2024ರ ಜನವರಿ 12ಕ್ಕೆ, ಹಳೇ ಜೈಲ್ ಮೈದಾನದಲ್ಲಿ, ಡಿಗ್ರಿಯವರಿಗೆ 3,000, ಡಿಪ್ಲೊಮಾದವರಿಗೆ 1,500, ಓದಿದೋರಿಗೆ ಒಳ್ಳೇದೇ ಆಯ್ತು, ಆದ್ರೆ ಹತ್ತನೇ ಕ್ಲಾಸಲ್ಲೇ ನಿಂತೋನು ಅದರ ಹತ್ರ ಹೋಗೋಕೂ ಆಗಲ್ಲ.

ನಂಗೆ ಬೇಕಿರೋದು ಮುಖ್ಯವಾಗಿ ಒಂದೇ. ಸಂಸ್ಥೆ ಬದಲಾಗ್ಲಿ, ಆ ಹುಡುಗನ ಜೊತೆಗಿರೋ ಮನುಷ್ಯ ಬದಲಾಗೋದು ಬೇಡ. ಬದಲಾಗ್ಲೇಬೇಕು ಅಂದ್ರೆ ಹಳಬರು ಹೊಸಬರು ಇಬ್ರೂ ಎರಡು ತಿಂಗಳಾದ್ರೂ ಒಟ್ಟಿಗೆ ಇರ್ಬೇಕು, ಹಳಬರೇ ಹುಡುಗನ ಹತ್ರ ಕರ್ಕೊಂಡು ಹೋಗಿ "ಇವರು ನಮ್ಮವರು ಕಣೋ" ಅಂತ ಹೇಳ್ಬೇಕು, ಆ ಎರಡು ತಿಂಗಳ ಸಂಬಳ ಟೆಂಡರಲ್ಲೇ ಬರೀಬೇಕು. ಸಿಮ್ಮು ಸಂಸ್ಥೆ ಹೆಸರಲ್ಲಿ ಬೇಡ, ಜಿಲ್ಲೆ ಹೆಸರಲ್ಲಿ ಇರ್ಲಿ. ಆಗಲ್ಲ ಅನ್ನೋಕಿಲ್ಲ, ಮಕ್ಕಳ ಸಹಾಯವಾಣಿ 1098 ನೋಡಿ. 1996ರಲ್ಲಿ ಮುಂಬೈಯಲ್ಲಿ ಶುರುವಾಗಿದ್ದು, ಎಷ್ಟೋ ವರ್ಷ ಎನ್‌ಜಿಒಗಳು ನಡೆಸಿದ್ವು, 2023ರಲ್ಲಿ ಸರ್ಕಾರಗಳೇ ವಹಿಸ್ಕೊಂಡು ತುರ್ತು ನಂಬರ್ 112ರ ಜೊತೆ ಜೋಡಿಸ್ತಾ ಬಂದ್ರು. ನಡೆಸೋರು ಬದಲಾದ್ರು, ನಂಬರ್ ಬದಲಾಗ್ಲಿಲ್ಲ, ಇವತ್ತು ಯಾವ ಮಗು ಒತ್ತಿದ್ರೂ ಅದೇ 1098. ಆದ್ರೆ ಅದು 18ರ ಒಳಗಿನವರಿಗೆ. 18 ತುಂಬಿದ ಮಾರನೇ ದಿನಕ್ಕೂ ಅಂಥದೊಂದು ನಂಬರ್ ಬೇಕು, ಎತ್ತೋರು ಹೆಸರು ಹಿಡಿದು ಮಾತಾಡ್ಸೋ ಹಾಗಿರಬೇಕು.

ಮುಂದಿನ ಮೀಟಿಂಗಿಗೆ ಹುಡುಗ್ರನ್ನೇ ಕರೀರಿ ಅಂತ ಕೇಳಿದ್ದೆ, ಒಪ್ಪಿದ್ರು. ಮೊದ್ಲು ಮಂಗಳವಾರ ಬೆಳಿಗ್ಗೆ 10 ಗಂಟೆ ಅಂತ ಇತ್ತು. ಮಂಡಿ ಹುಡುಗನಿಗೆ ಫೋನ್ ಮಾಡಿದೆ, ಈಗ ಅವನಿಗೆ ಮಲ್ಲಿಗೇನಹಳ್ಳಿ ಕಡೆ ಒಂದು ರೂಮಿದೆ, ಗ್ಯಾರೇಜಲ್ಲಿ ಕೆಲಸ ಕಲೀತಿದಾನೆ. "ಬರ್ತೀನಕ್ಕ, ಆದ್ರೆ ಭಾನುವಾರ ಆದ್ರೆ ರಜ ಕೇಳೋದು ಬೇಡ, ಮತ್ತೆ ಸಾಗರದಿಂದ ಇನ್ನಿಬ್ರು ಬರ್ತಾರೆ, ಅವರಿಗೆ ಬಸ್ ಚಾರ್ಜ್ ಕೊಡ್ತಾರಾ ಕೇಳು" ಅಂದ. ಕೇಳಿದೀನಿ. ಭಾನುವಾರ 12 ಗಂಟೆಗೆ ಅಂತ ಮಾಡಿದಾರೆ, ಬಸ್ ಚಾರ್ಜೂ ಕೊಡ್ತಾರಂತೆ.