6174: ಎಲ್ಲಿಂದ ಹೊರಟರೂ ಸಿಗುವ ಸಂಖ್ಯೆ

ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹೀಗೇ ಮಾಡ್ತಾ ಹೋಗಿ.

2024 ನೋಡೋಣ. 4220ರಿಂದ 0224 ಕಳೆದರೆ 3996. ಮುಂದೆ 9963 − 3699 = 6264. ಆಮೇಲೆ 6642 − 2466 = 4176. ಕೊನೆಗೆ 7641 − 1467 = 6174. ಇನ್ನು ಎಷ್ಟು ಸಲ ಕಳೆದರೂ ಅದೇ 6174! ಬೇರೆ ಯಾವುದರಿಂದ ಶುರು ಮಾಡಿದರೂ ಹೆಚ್ಚೆಂದರೆ ಏಳು ಹೆಜ್ಜೆ ಸಾಕು. ಮಧ್ಯೆ 999 ಬಂದರೆ ಮಾತ್ರ ಅದನ್ನು 0999 ಅಂತಲೇ ಬರೆದುಕೊಳ್ಳಬೇಕು.

ಇದನ್ನು 1949ರಲ್ಲಿ ಕಂಡುಹಿಡಿದವರು ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ಪಾಠ ಮಾಡುತ್ತಲೇ ಸಂಖ್ಯೆಗಳ ಬೆನ್ನು ಹತ್ತಿದ ಇಂಥವರ ಬಗ್ಗೆ ನನಗೆ ತುಂಬಾ ಗೌರವ.

ಒಳಗುಟ್ಟು ಏನಪ್ಪಾ ಅಂದ್ರೆ, ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕದಕ್ಕೂ ಇರುವ ವ್ಯತ್ಯಾಸವನ್ನು 999ರಿಂದ, ನಡುವಿನ ಎರಡರ ವ್ಯತ್ಯಾಸವನ್ನು 90ರಿಂದ ಗುಣಿಸಿ ಕೂಡಿದರೆ ಅದೇ ಉತ್ತರ. ಹಾಗಾಗಿ ಮೊದಲ ಕಳೆತದಲ್ಲೇ ಸಾವಿರಾರು ಸಂಖ್ಯೆಗಳು ಕೆಲವೇ ಕೆಲವಕ್ಕೆ ಇಳಿಯುತ್ತವೆ, ಅವೂ ಎಲ್ಲ 9ರ ಗುಣಕಗಳೇ.

ಮೂರಂಕಿಯಲ್ಲೂ ಇಂಥದ್ದೊಂದಿದೆ, 495. ಐದಂಕಿಗೆ ಹೋದರೆ ಒಂದೇ ಸಂಖ್ಯೆಯಲ್ಲಿ ನಿಲ್ಲೋದಿಲ್ಲ, ಸುತ್ತು ಹೊಡೆಯುತ್ತಲೇ ಇರುತ್ತವೆ.

ನನಗೆ ಇನ್ನೂ ಇಷ್ಟವಾದದ್ದು: 6+1+7+4 = 18. ಆ 18, ಅದರ ವರ್ಗ 324, ಘನ 5832, ಮೂರನ್ನೂ ಕೂಡಿ ನೋಡಿ. ಮತ್ತೆ 6174ಏ ಅಲ್ವಾ!